ಎರಡನೇ ಅಲೆ ಬರುವ ಮುನ್ನ

ಬೆಳಿಗ್ಗೆ ಏಳು ಗಂಟೆಗೆ ನಾನು ಇವತ್ತಿಗೂ ರೇಡಿಯೋ ಸೆಟ್ಟಿನ ಮುಂದೆ ಹೋಗಿ ಕೂರ್ತೀನಿ. ಯಾಕೆ ಅಂತ ಯಾರಾದರೂ ಕೇಳಿದರೆ ಹೇಳೋದಕ್ಕೆ ಏನೂ ಇಲ್ಲ. ರೂಢಿ ಅಷ್ಟೇ. ಸೊಂಟ ಹಿಡ್ಕೊಂಡಿರುತ್ತೆ, ಒಂಬತ್ತೂವರೆಗೆ ಕಾಲೇಜಲ್ಲಿರಬೇಕು, ಅಷ್ಟರಲ್ಲಿ ರೊಟ್ಟಿ ಆಗಬೇಕು, ನಲ್ಲಿ ನೀರು ಬಂದರೆ ಹಿಡಿದಿಡಬೇಕು. ಆದರೂ ಬ್ಯಾಟರಿಗೆ ವೈರು ಸಿಕ್ಕಿಸಿ, ಕಾಫಿ ಲೋಟ ಪಕ್ಕಕ್ಕಿಟ್ಟು ಕೂರ್ತೀನಿ. ದೂರದೂರಿನವರು ಏನೇನೋ ಮಾತಾಡ್ಕೋತಿರ್ತಾರೆ. ನಾನು ಯಾರಿಗೂ ಉತ್ತರ ಕೊಡಲ್ಲ. ಅರ್ಧ ಗಂಟೆ ಆದ ಮೇಲೆ ಸೆಟ್ಟು ಆರಿಸಿ ಅಡುಗೆಮನೆಗೆ ಹೋಗ್ತೀನಿ.

ನಾನು ಕಾಯ್ತಿದ್ದದ್ದು ನಮ್ಮಣ್ಣನ ಧ್ವನಿಗೆ. ಅಣ್ಣ ಬದುಕಿದ್ದಾನೆ, ಚೆನ್ನಾಗೇ ಇದ್ದಾನೆ. ಹೆತ್ತೂರಿನ ಆಚೆ ನಾಲ್ಕೂವರೆ ಎಕರೆ ಕಾಫಿ ನೋಡಿಕೊಂಡು ಅತ್ತಿಗೆ ಜೊತೆ ಇದ್ದಾನೆ. ಧ್ವನಿ ಮಾತ್ರ ಇಲ್ಲ. ಗಂಟಲಲ್ಲಿ ಗಡ್ಡೆ ಆಗಿ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕತ್ತಿನಲ್ಲಿ ಒಂದು ತೂತು, ಕೈಯಲ್ಲಿ ಒಂದು ಸ್ಲೇಟು. ಹೇಳಬೇಕಾದ್ದನ್ನ ಬರೆದು ತೋರಿಸ್ತಾನೆ. ಆ ಆಪರೇಷನ್ನಿಗೆ ಅವನು ಒಪ್ಪಿಕೊಂಡದ್ದು ಹೇಗೆ ಅನ್ನೋದನ್ನ ನಾನು ಅತ್ತಿಗೆಗೂ ಹೇಳಿಲ್ಲ. ಹೇಳದೆ ಇಟ್ಕೊಂಡು ಇಟ್ಕೊಂಡು ಸಾಕಾಗಿದೆ, ಅದಕ್ಕೇ ಬರೀತಿದೀನಿ.

ನಾನು ಆಲೂರಿನಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡೋಳು. ಒಂದೇ ಪಾಠವನ್ನ ಇಷ್ಟು ವರ್ಷ ಹೇಳಿ ಹೇಳಿ ನನ್ನ ಬಾಯಿಗೇ ಬೇಜಾರು ಬಂದಿದೆ. ನಾವಿಬ್ಬರೂ ಚಿಕ್ಕವರಿದ್ದಾಗ ಹಾಸನದಲ್ಲಿ ಯಾರೋ ಹ್ಯಾಮ್ ರೇಡಿಯೋ ಕ್ಲಾಸು ಮಾಡ್ತಿದ್ದರು. ಸರ್ಕಾರದ ಪರೀಕ್ಷೆ ಪಾಸಾದರೆ ಮನೆಯಲ್ಲೇ ಒಂದು ಸೆಟ್ಟು ಇಟ್ಕೊಂಡು ಹವ್ಯಾಸಕ್ಕೆ ಮಾತಾಡೋಕೆ ಲೈಸೆನ್ಸ್ ಕೊಡ್ತಾರೆ. ಅಣ್ಣ ಹೋಗಿದ್ದು ಅಲ್ಲಿ ಕೊಡ್ತಿದ್ದ ಬೋಂಡ ತಿನ್ನೋಕೆ, ನಾನು ಹೋಗಿದ್ದು ಅವನು ಹೋದನಲ್ಲ ಅಂತ. ಇಬ್ಬರಿಗೂ ಲೈಸೆನ್ಸ್ ಬಂತು. ನನಗೆ ಆಲೂರಲ್ಲಿ ಕೆಲಸ ಆಯಿತು, ಅವನು ತೋಟಕ್ಕೆ ನಿಂತ. ಬಸ್ಸಲ್ಲಿ ಎರಡು ಗಂಟೆಯ ದಾರಿ, ಮಳೆಗಾಲದಲ್ಲಿ ಎಷ್ಟು ಗಂಟೆಯೋ ಹೇಳೋಕಾಗಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ರೇಡಿಯೋದಲ್ಲಿ ಸಿಗೋದು ಅಂತ ಮಾತಾಯಿತು. ಆಮೇಲೆ ಮನೆಗೆ ಫೋನು ಬಂತು, ಕೈಗೆ ಮೊಬೈಲು ಬಂತು, ನಾವು ಮಾತ್ರ ಅದನ್ನ ಬಿಡಲಿಲ್ಲ.

ನಿಜ ಹೇಳಬೇಕಂದ್ರೆ ಎದುರುಬದುರು ಕೂತರೆ ನಮಗೆ ಮಾತೇ ಬರ್ತಿರಲಿಲ್ಲ. ಹಬ್ಬಕ್ಕೆ ಹೋದರೆ ಅಣ್ಣ ಪೇಪರ್ ಹಿಡ್ಕೊಂಡು ಜಗಲಿಯಲ್ಲಿ, ನಾನು ಅತ್ತಿಗೆ ಜೊತೆ ಒಳಗೆ. ರೇಡಿಯೋ ಮುಂದೆ ಕೂತರೆ ಮಾತ್ರ ಅವನ ಬಾಯಿಗೆ ತಡೆ ಇಲ್ಲ. ಮೊದಲೇ ದೊಡ್ಡ ಗಂಟಲು. ಗುಡ್ಡದ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಕಸಿ ಮಾಡ್ತಾ ಮರದ ಕೊಂಬೆ ಸವರ್ತಿದ್ದ ಆಳುಗಳು ಕತ್ತಿ ಕೆಳಗಿಡ್ತಿದ್ದರು. ಕೆಂಬೂತ ಗೂಡು ಕಟ್ಟಿದ್ದು, ಕರಿಮೆಣಸಿಗೆ ರೋಗ ಬಂದಿದ್ದು, ಅತ್ತಿಗೆ ಸಾರಿಗೆ ಉಪ್ಪು ಮರೆತಿದ್ದು, ಎಲ್ಲವೂ ಆಕಾಶಕ್ಕೆ ಹೋಗ್ತಿತ್ತು. ಯಾರು ಬೇಕಾದರೂ ಕೇಳಿಸ್ಕೋಬಹುದು ಕಣಣ್ಣ, ಸ್ವಲ್ಪ ಬಾಯಿ ಹಿಡಿ ಅಂದರೆ, ಕೇಳಿಸ್ಕಳ್ಳಲಿ ಬುಡು, ಅವರ ಮನೇಲೂ ಉಪ್ಪು ಮರೀತಾರೆ ಅಂತಿದ್ದ.

ನಮ್ಮ ಮಾತು ಮೇಲೆ ಹೋಗಿ ಕೆಳಗೆ ಬರ್ತಿತ್ತು ಅನ್ನೋದನ್ನ ಇಲ್ಲಿ ಸ್ವಲ್ಪ ಬಿಡಿಸಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಆಲೂರಿಗೂ ಅಣ್ಣನ ತೋಟಕ್ಕೂ ನಡುವೆ ಬರೀ ಗುಡ್ಡ. ನೇರವಾಗಿ ಹೋಗೋ ಅಲೆ ಗುಡ್ಡಕ್ಕೆ ಬಡಿದು ಅಲ್ಲೇ ಸಾಯುತ್ತೆ. ಅದಕ್ಕೆ ನಾವು ಅಲೆಯನ್ನ ನೆಟ್ಟಗೆ ತಲೆ ಮೇಲಕ್ಕೆ ಬಿಡ್ತಿದ್ವಿ. ಇನ್ನೂರು ಮುನ್ನೂರು ಕಿಲೋಮೀಟರ್ ಮೇಲೆ ಗಾಳಿ ಇದ್ದೂ ಇಲ್ಲದಷ್ಟು ತೆಳು. ಇರೋ ಚೂರುಪಾರು ಗಾಳಿಯನ್ನ ಬಿಸಿಲು ಒಡೆದು ಎಲೆಕ್ಟ್ರಾನುಗಳನ್ನ ಬಿಡಿಸಿ ಹಾಕಿರುತ್ತೆ. ಪುಸ್ತಕದಲ್ಲಿ ಅದಕ್ಕೆ ಅಯಾನುಗೋಳ ಅಂತ ಹೆಸರು. ಆ ಎಲೆಕ್ಟ್ರಾನು ಸಾಕಷ್ಟಿದ್ದರೆ ಅಲೆ ಅಲ್ಲಿಂದ ವಾಪಸ್ ತಿರುಗಿ ಸುತ್ತಮುತ್ತಲ ಊರಿಗೆಲ್ಲ ಮೇಲಿಂದ ಇಳಿಯುತ್ತೆ, ಗುಡ್ಡ ಕಣಿವೆ ಯಾವುದೂ ಅಡ್ಡ ಬರಲ್ಲ. ಬಿಸಿಲು ಹೋದ ಮೇಲೆ ಆ ಪದರ ಸೊರಗುತ್ತಾ ಹೋಗುತ್ತೆ, ರಾತ್ರಿ ಬಿಟ್ಟ ಅಲೆ ಅದನ್ನ ತೂರಿಕೊಂಡು ಆಚೆಗೆ ಹೋಗಿಬಿಡುತ್ತೆ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಪದರ ಮತ್ತೆ ಕೂಡಿಕೊಳ್ಳುತ್ತೆ. ಅದಕ್ಕೇ ಏಳು ಗಂಟೆ.

ಇದು ಅಣ್ಣನ ತಲೆಗೆ ಹೋಗೋಕೆ ಮೂರು ತಿಂಗಳು ಬೇಕಾಯಿತು. ರೇಡಿಯೋ ತಂತಿ ಎಷ್ಟು ಎತ್ತರವೋ ಅಷ್ಟು ಒಳ್ಳೇದು ಅಂತ ಅವನ ಲೆಕ್ಕ. ಕಾಫಿ ತೋಟದವರಿಗೆ ಎತ್ತರದ ಮರಕ್ಕೇನು ಕಮ್ಮಿ, ಹತ್ತೋರಿಗೇನು ಕಮ್ಮಿ. ಮೆಣಸು ಕುಯ್ಯೋರನ್ನ ಕರೆಸಿ, ಒಂಟಿ ಬಿದಿರಿನ ಏಣಿ ಹಾಕಿಸಿ, ಎರಡು ಸಿಲ್ವರ್ ಓಕ್ ಮರದ ತಲೆಗೆ ತಂತಿ ಕಟ್ಟಿಸಿದ. ಕೊಲಂಬೋದವನು ಉತ್ತರ ಕೊಟ್ಟ, ಡೆಲ್ಲಿಯವನು ಉತ್ತರ ಕೊಟ್ಟ. ಆಲೂರಲ್ಲಿ ಕಿವಿ ಒತ್ತಿಕೊಂಡು ಕೂತ ನನಗೆ ಏನೂ ಇಲ್ಲ. ಅಷ್ಟು ಎತ್ತರದಲ್ಲಿ ಕಟ್ಟಿದರೆ ನೆಟ್ಟಗೆ ಮೇಲಕ್ಕೆ ಹೋಗೋ ಅಲೆಯೂ ನೆಲಕ್ಕೆ ಬಡಿದು ಏಳೋ ಅಲೆಯೂ ಒಂದನ್ನೊಂದು ಅಳಿಸಿ ಹಾಕ್ತವೆ, ಇಳಿಸು ಅಂತ ಕಾಗದ ಬರೆದೆ. ತಂಗಿ ಮಾತು ಕೇಳೋದಾ. ಕೊನೆಗೆ ಅತ್ತಿಗೆಯೇ ಬೇಸತ್ತು ಆಳುಗಳಿಗೆ ಹೇಳಿ ತಂತಿಯನ್ನ ಹಲಸಿನ ಮರದ ಕೆಳಗಿನ ಕೊಂಬೆಗೂ ಕಾಫಿ ಮೂಟೆ ಇಡೋ ಸ್ಟೋರಿನ ಮೂಲೆಗೂ ಕಟ್ಟಿಸಿದರು. ಬಂದವರೆಲ್ಲ, ಬಟ್ಟೆ ಒಣಹಾಕಾಕೆ ಎಲ್ಲಾ ಬುಟ್ಟು ತಾಮ್ರದ ತಂತಿ ಕಟ್ಟೀಯಲ್ಲ ಮಾರಾಯ ಅಂತ ನಗಾಡೋರು. ಮಾರನೇ ದಿನ ಬೆಳಿಗ್ಗೆ ಅವನ ಧ್ವನಿ ನನ್ನ ರೂಮಿನಲ್ಲೇ ಇದ್ದಷ್ಟು ಜೋರಾಗಿ ಬಂತು.

ಇನ್ನೊಂದಿದೆ, ಅದೇ ಮುಖ್ಯ. ಮೇಲಕ್ಕೆ ಹೋಗೋದು ಒಂದೇ ಅಲೆ, ಬರೋದು ಎರಡು. ಭೂಮಿಯ ಕಾಂತಶಕ್ತಿ ಅಯಾನುಗೋಳದೊಳಗೆ ಅಲೆಯನ್ನ ಎರಡಾಗಿ ಸೀಳುತ್ತೆ. ಒಂದಕ್ಕೆ ಸಾಮಾನ್ಯ ಅಲೆ ಅಂತಾರೆ, ಇನ್ನೊಂದಕ್ಕೆ ಅಸಾಮಾನ್ಯ ಅಲೆ. ಎರಡೂ ಒಂದೇ ಮಾತನ್ನ ಹೊತ್ತಿರುತ್ತವೆ, ಆದರೆ ಒಂದೊಂದೂ ತನ್ನದೇ ದಾರಿ, ತನ್ನದೇ ವೇಗ. ಕೆಳಗೆ ಬಂದು ಸೇರಿದಾಗ ಹೆಜ್ಜೆ ಕೂಡಿದರೆ ಧ್ವನಿ ಉಬ್ಬುತ್ತೆ, ಹೆಜ್ಜೆ ತಪ್ಪಿದರೆ ಮುಳುಗುತ್ತೆ. ಎರಡು ಬೆಂಚಿನ ಮಕ್ಕಳು ಮಗ್ಗಿ ಹೇಳುವಾಗ ಒಂದು ಬೆಂಚು ಹಿಂದೆ ಬಿದ್ದರೆ ಏನೂ ಅರ್ಥವಾಗಲ್ಲವಲ್ಲ, ಹಾಗೆ. ಅದಕ್ಕೇ ನಮ್ಮ ಮಾತು ಏಳ್ತಾ ಬೀಳ್ತಾ ಇರ್ತಿತ್ತು. ಅರ್ಧ ವಾಕ್ಯ ಬಂದರೆ ಅರ್ಧ ವಾಕ್ಯ ಹೋಗೋದು.

ಆದರೆ ಆ ಎರಡರಲ್ಲಿ ಅಸಾಮಾನ್ಯ ಅಲೆಗೆ ತೆಳು ಪದರ ಸಾಕು. ಬೆಳಿಗ್ಗೆ ಪದರ ಕೂಡಿಕೊಳ್ಳುವಾಗ ಅದೇ ಮೊದಲು ತಿರುಗಿ ಬರುತ್ತೆ. ಸಾಮಾನ್ಯ ಅಲೆ ಬರೋಕೆ ಇನ್ನೊಂದು ಹತ್ತು ನಿಮಿಷ. ಆ ಹತ್ತು ನಿಮಿಷ ಗುದ್ದಾಡೋಕೆ ಇನ್ನೊಂದು ಅಲೆ ಇಲ್ಲದ್ದರಿಂದ ಧ್ವನಿ ಅಲ್ಲಾಡದೆ ನಿಂತಿರುತ್ತೆ. ಅಣ್ಣ ಅದಕ್ಕೆ ಹೆಸರಿಟ್ಟಿದ್ದ. ಮೊದಲು ಬರೋಳು ತಂಗಿಯಂತೆ, ತಡವಾಗಿ ಬರೋನು ಅಣ್ಣನಂತೆ. ತಂಗಿ ಒಬ್ಬಳೇ ಇದ್ರೆ ಮಾತು ಸ್ಪಷ್ಟ, ಅಣ್ಣ ಬಂದನೋ ಜಗಳ ಶುರು ಅಂತ ಅವನೇ ಹೇಳಿ ಅವನೇ ನಗ್ತಿದ್ದ. ಏನಾದರೂ ಮುಖ್ಯವಾದ್ದು ಇದ್ದರೆ ಆ ಹತ್ತು ನಿಮಿಷದಲ್ಲಿ ಹೇಳಿಬಿಡೋದು, ಆಮೇಲೆ ಕಾಡುಹರಟೆ.

ಗಂಟಲು ಕೆಟ್ಟದ್ದು ನನಗೆ ಮೊದಲು ಗೊತ್ತಾಗಿದ್ದೂ ಆ ಹತ್ತು ನಿಮಿಷದಲ್ಲೇ. ಆರೇಳು ಮಳೆಗಾಲದ ಹಿಂದಿನ ಮಾತು. ಸೂರ್ಯನ ಮೇಲೆ ಕಲೆಗಳೇ ಕಾಣದೆ, ಆಕಾಶದ ಪದರ ಸೊರಗಿಕೊಂಡೇ ಇದ್ದ ಕಾಲ ಅದು. ಒಂದು ಬೆಳಿಗ್ಗೆ ಅವನ ಧ್ವನಿಯಲ್ಲಿ ಮರಳು ಉಜ್ಜಿದ ಹಾಗೆ ಒಂದು ಶಬ್ದ ಕೇಳಿತು. ಅಲೆಯದಲ್ಲ, ಗಂಟಲಿಂದೇ. ನೆಗಡಿ ಕಣೇ ಅಂದ. ಎರಡು ತಿಂಗಳಾದರೂ ನೆಗಡಿ ಇಳಿಯಲಿಲ್ಲ. ಬೈದು, ಅತ್ತಿಗೆ ಕೈಲಿ ಬೈಸಿ, ಕೊನೆಗೆ ಮೈಸೂರಿನ ಒಂದು ಆಸ್ಪತ್ರೆಗೆ ನಾನೇ ಕರ್ಕೊಂಡು ಹೋದೆ. ಗಂಟಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಅಲ್ಲಿ ಹೊರಗೆ ಬೆಂಚಿನ ಮೇಲೆ ಒಬ್ಬರು ಕೂತಿದ್ದರು. ಕತ್ತಿಗೆ ಟಾರ್ಚಿನಂಥದ್ದೊಂದು ಒತ್ತಿ ಹಿಡಿದು ಮಾತಾಡ್ತಿದ್ದರು. ಶಬ್ದ ಬರ್ತಿತ್ತು, ಮಾತೂ ತಿಳೀತಿತ್ತು, ಆದರೆ ಅದು ಗಂಡಸಿನದೋ ಹೆಂಗಸಿನದೋ ಹೇಳೋಕಾಗಲ್ಲ. ಅಣ್ಣ ಅವರನ್ನ ಬಹಳ ಹೊತ್ತು ನೋಡಿದ. ವಾಪಸ್ ಬರೋ ಬಸ್ಸು ಹೊಳೆನರಸೀಪುರ ದಾಟಿತು. ಆಮೇಲೆ ಕಿಟಕಿ ಕಡೆ ನೋಡ್ಕೊಂಡೇ ಹೇಳಿದ.

"ಗಡ್ಡೆ ತೆಗೀಲಿ, ಬ್ಯಾಡ ಅನ್ನಲ್ಲ. ಧ್ವನಿ ತೆಗೀತೀವಿ ಅಂದ್ರೆ ನಾನು ಬರಲ್ಲ ಕಣೇ. ಇರೋಷ್ಟು ದಿನ ಮಾತಾಡ್ಕಂಡು ಇದ್ದು ಹೋಗ್ತೀನಿ."

ಇದು ಹಟದ ಮಾತಲ್ಲ ಅಂತ ನನಗೆ ತಕ್ಷಣ ಗೊತ್ತಾಯಿತು. ಅಣ್ಣ ಹಟ ಮಾಡೋವಾಗ ಕೂಗಾಡ್ತಾನೆ. ಅವತ್ತು ಮೆಲ್ಲಗೆ ಹೇಳಿದ.

ರಿಪೋರ್ಟ್ ತರೋಕೆ ನಾನೊಬ್ಬಳೇ ಹೋದೆ. ಡಾಕ್ಟರು ಸುತ್ತಿ ಬಳಸಿ ಹೇಳೋ ಜನ ಅಲ್ಲ. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು, ತಡ ಮಾಡಿದರೆ ಆಮೇಲೆ ತೆಗೆಯೋಕೂ ಆಗಲ್ಲ ಅಂದರು. ಧ್ವನಿ ಏನಾಗುತ್ತೆ ಅಂದೆ. "ಅವರ ಧ್ವನಿ ವಾಪಸ್ ಬರಲ್ಲಮ್ಮ. ಯಂತ್ರ ಇಟ್ಕೊಂಡು ಶಬ್ದ ಬರಿಸಬಹುದು, ಕಲೀಬೇಕು. ಜೀವ ಉಳಿಯೋ ಸಾಧ್ಯತೆ ಚೆನ್ನಾಗಿದೆ, ಅದನ್ನ ನೋಡಿ." ಎರಡೂವರೆ ವಾರ ಬಿಟ್ಟು ಒಂದು ಸೋಮವಾರಕ್ಕೆ ಹಾಸಿಗೆ ಬರೆದುಕೊಟ್ಟರು. ಆ ಸೋಮವಾರ ತಪ್ಪಿದರೆ ಮತ್ತೆ ಯಾವಾಗ ಅಂತ ಅವರಿಗೂ ಗೊತ್ತಿರಲಿಲ್ಲ.

ನಾನು ಆಲೂರಿಗೆ ವಾಪಸ್ ಬರೋ ಹೊತ್ತಿಗೆ ಮಳೆ ಹಿಡಿದಿತ್ತು. ಸಕಲೇಶಪುರದ ಆಚೆ ರಸ್ತೆ ಮೇಲೆ ಗುಡ್ಡ ಕುಸಿದು ಬಸ್ಸಿನ ಓಡಾಟ ನಿಂತಿತು. ಹೆತ್ತೂರಿನ ಕಡೆ ಕರೆಂಟು ಹೋಯಿತು, ಕರೆಂಟಿನ ಹಿಂದೆ ಮೊಬೈಲ್ ಟವರು ಹೋಯಿತು. ಹೋಗಿ ಎದುರು ಕೂತು ಹೇಳೋಣ ಅಂದರೆ ದಾರಿ ಇಲ್ಲ, ಅತ್ತಿಗೆಗೆ ಫೋನ್ ಮಾಡೋಣ ಅಂದರೆ ಫೋನಿಲ್ಲ. ಉಳಿದದ್ದು ರೇಡಿಯೋ ಒಂದೇ.

ಮಾರನೇ ದಿನ ಏಳು ಗಂಟೆಗೆ ನಾನು ಸೆಟ್ಟಿನ ಮುಂದೆ ಇದ್ದೆ, ಹಾಕಲಿಲ್ಲ. ಹಾಕಿದರೆ ಆ ಹತ್ತು ನಿಮಿಷ ಸಿಕ್ಕಿಬಿಡುತ್ತೆ, ಅವನು ಕೇಳ್ತಾನೆ, ನಾನು ಹೇಳಬೇಕಾಗುತ್ತೆ. ಹೇಳಿದರೆ ಬರಲ್ಲ. ಬರದಿದ್ದರೆ ಸಾಯ್ತಾನೆ. ನನಗೆ ಅಣ್ಣ ಬೇಕಿತ್ತು, ಅಷ್ಟೇ. ಅವನಿಗೆ ಏನು ಬೇಕು ಅನ್ನೋದನ್ನ ಆಗ ನಾನು ಯೋಚನೆ ಮಾಡಲಿಲ್ಲ. ಏಳೂವರೆ ಆಗೋವರೆಗೂ ಗೋಡೆ ಗಡಿಯಾರ ನೋಡ್ತಾ ಕೂತಿದ್ದು, ಎರಡನೇ ಅಲೆಯೂ ಬಂದಿರುತ್ತೆ ಅಂತ ಖಾತ್ರಿ ಮಾಡ್ಕೊಂಡು ಸೆಟ್ಟು ಹಾಕಿದೆ.

ಅವನು ಕೂಗ್ತಾನೇ ಇದ್ದ. ಧ್ವನಿ ಏಳ್ತಾ ಬೀಳ್ತಾ ಇತ್ತು. ಗಡ್ಡೆ ಕೆಟ್ಟದ್ದಂತೆ, ಆಪರೇಷನ್ ಆಗಲೇಬೇಕಂತೆ, ಸೋಮವಾರ ಹಾಸಿಗೆ ಕೊಟ್ಟಿದಾರೆ ಅಂತ ಮೂರು ಮೂರು ಸಲ ಹೇಳಿದೆ. ಅವನಿಗೆ ತಿಳಿಯಿತು. "ಧ್ವನಿ?" ಅಂದ. ಆ ಒಂದು ಪದ ನನಗೆ ಚೆನ್ನಾಗೇ ಕೇಳಿಸಿತು.

"ಕೇಳಿಸ್ಲಿಲ್ಲ ಕಣಣ್ಣ, ಮುಳುಗ್ತಾ ಐತೆ," ಅಂದೆ.

ಹೀಗೇ ಹನ್ನೊಂದು ದಿನ. ದಿನಾ ಏಳೂವರೆಗೆ ಬರೋದು, ದಿನಾ ಒಂದು ನೆಪ. ಹಾಲಿನವನು ಬಂದ, ಬ್ಯಾಟರಿ ಇಳಿದಿತ್ತು, ಕಾಲೇಜಿಂದ ಫೋನ್ ಬಂತು. ದಿನಾ ಅವನು ಅದನ್ನೇ ಕೇಳೋದು, ದಿನಾ ನಾನು ಕೇಳಿಸ್ಲಿಲ್ಲ ಅನ್ನೋದು. ಕೆಲವು ದಿನ ನಿಜವಾಗಲೂ ಕೇಳಿಸ್ತಿರಲಿಲ್ಲ, ಅವತ್ತು ದೇವರಿಗೆ ಕೈ ಮುಗಿದು ಕಾಲೇಜಿಗೆ ಹೋಗ್ತಿದ್ದೆ. ಕ್ಲಾಸಲ್ಲಿ ಬೋರ್ಡಿನ ಕಡೆ ತಿರುಗಿದರೆ ಏನು ಬರೆಯೋಕೆ ಹೊರಟೆ ಅನ್ನೋದೇ ಮರೆತು ಹೋಗೋದು. ಮಕ್ಕಳು ಕಾಯ್ತಿದ್ದವು. ಮನೆಗೆ ಬಂದು ಹಾಗೇ ಕುರ್ಚಿಯಲ್ಲಿ ಕೂತರೆ ದೀಪ ಹಾಕೋಕೂ ಮನಸಾಗ್ತಿರಲಿಲ್ಲ.

ಹನ್ನೆರಡನೇ ದಿನವೂ ಏಳೂವರೆಗೆ ಸೆಟ್ಟು ಹಾಕಿದೆ. ಏನೂ ಇಲ್ಲ. ಅಣ್ಣನೂ ಇಲ್ಲ, ಬೇರೆ ಯಾರೂ ಇಲ್ಲ, ಬರೀ ಸೊಂಯ್ ಅನ್ನೋ ಶಬ್ದ. ಅವನ ಬ್ಯಾಟರಿ ಮುಗಿದಿರಬೇಕು ಅಂತ ಸಮಾಧಾನ ಮಾಡ್ಕೊಂಡೆ. ಇಷ್ಟು ವರ್ಷ ಅದನ್ನೇ ಪಾಠ ಮಾಡಿದವಳಿಗೆ ಹೊಳೀಬೇಕಿತ್ತು. ಆಕಾಶಕ್ಕೆ ದಿನಾ ಒಂದೇ ಹೊತ್ತಿಗೆ ಏಳಬೇಕು ಅಂತೇನೂ ಇಲ್ಲ. ಕೆಲವು ದಿನ ಪದರ ಕೂಡಿಕೊಳ್ಳೋದೇ ಅರ್ಧ ಗಂಟೆ ತಡ. ಹೆಡ್‌ಫೋನು ತೆಗೆದು ಏಳೋಣ ಅಂತಿದ್ದಾಗ ಅವನ ಧ್ವನಿ ಬಂತು. ಮೊದಲು ಸಣ್ಣಗೆ, ಆಮೇಲೆ ದೊಡ್ಡದಾಗಿ, ಒಂದು ಚೂರೂ ಅಲ್ಲಾಡದೆ.

"ಗುಡ್ ಮಾರ್ನಿಂಗ್ ಕಣೇ. ಹೆಂಗೆ ಕೇಳುಸ್ತೈತೆ?"

ರೇಡಿಯೋದವರಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಹೇಗೆ ಕೇಳಿಸ್ತಿದೆ ಅಂದರೆ ಇದ್ದದ್ದನ್ನ ಇದ್ದ ಹಾಗೆ ಅಂಕದಲ್ಲಿ ಹೇಳಬೇಕು. ಐದು ಒಂಬತ್ತು ಅಂದರೆ ಪೂರ್ತಿ ಸ್ಪಷ್ಟ, ಪೂರ್ತಿ ಜೋರು. ಸಾವಿರಾರು ಸಲ ಹೇಳಿದ ಬಾಯಿ, ಯೋಚನೆ ಮಾಡೋಕೆ ಮೊದಲೇ ಹೇಳಿಬಿಟ್ಟಿತು.

"ಐದು ಒಂಬತ್ತು ಕಣಣ್ಣ."

"ನಿಂದೂ ಅಷ್ಟೇ," ಅಂದ. "ಇವತ್ತು ಆಕಾಶಾನೇ ತಡ ಮಾಡ್ಬುಡ್ತು. ತಂಗಿ ಒಬ್ಬಳೇ ಬಂದವ್ಳೆ."

ಅವನು ಮುಂದುವರಿಸಿದ. ಲೈಸೆನ್ಸ್ ಇರೋರು ಯಾರ ಜೊತೆ, ಎಷ್ಟು ಗಂಟೆಗೆ ಮಾತಾಡಿದ್ದು, ಎಷ್ಟು ಅಂಕ ಅಂತ ದಿನಾ ಬರೆದಿಡಬೇಕು. ಅಣ್ಣ ಅದನ್ನ ಆಳುಗಳ ಹಾಜರಿ ಹಾಕೋ ಹಳೇ ಚೆಕ್‌ರೋಲ್ ಪುಸ್ತಕದಲ್ಲಿ ಬರೀತಿದ್ದ. ಅದನ್ನ ಮುಂದೆ ತೆರೆದಿಟ್ಕೊಂಡೇ ಮಾತಾಡ್ತಿದ್ದ ಅಂತ ಕಾಣುತ್ತೆ, ಹಾಳೆ ತಿರುವೋ ಶಬ್ದವೂ ಬರ್ತಿತ್ತು.

"ಚೆಕ್‌ರೋಲ್ ನೋಡ್ದೆ ಕಣವ್ವ. ನೀನು ಮೈಸೂರಿಗೆ ಹೋಗೋ ದಿನದವರೆಗೂ ದಿನಾ ಏಳು ಗಂಟೆ. ಬಂದ ಮೇಲೆ ಹನ್ನೊಂದು ದಿನ, ಏಳೂವರೆ, ಏಳೂವರೆ, ಏಳು ಮೂವತ್ತೈದು. ಆಳುಗಳು ಹಿಂಗೆ ತಡವಾಗಿ ಬಂದ್ರೆ ನಾನು ಯಾಕೆ ಅಂತ ಕೇಳ್ತೀನಿ. ನಿನ್ನ ಕೇಳ್ಲಿಲ್ಲ. ತಂಗಿ ಅಣ್ಣ ಇಬ್ಬರೂ ಬಂದ ಮೇಲೇ ನೀನು ಬರ್ತೀಯ ಅಂತ ಗೊತ್ತಾಯ್ತು. ಈಗ ಒಂದೇ ಒಂದು ಕೇಳ್ತೀನಿ, ಕೇಳಿಸ್ಲಿಲ್ಲ ಅನ್ಬ್ಯಾಡ. ಕುಯ್ದ ಮೇಲೆ ನನ್ನ ಧ್ವ‌ನಿ ವಾಪಸ್ ಬತ್ತದಾ? ಮಿಷನ್ನಿಂದಲ್ಲ, ನಂದು. ಓವರ್."

ಓವರ್ ಅಂದರೆ ನನ್ನ ಸರದಿ. ಹೆಂಚಿನ ಮೇಲೆ ಮಳೆ ಹೊಡೀತಿತ್ತು. ಸೆಟ್ಟು ಆರಿಸಿಬಿಡಬಹುದಿತ್ತು. ಬ್ಯಾಟರಿ ಹೋಯಿತು ಅಂದಿದ್ದರೆ ಮುಗೀತಿತ್ತು. ಆದರೆ ಮುಗಿಯೋದು ಏನು, ಸೋಮವಾರಕ್ಕೆ ಆರೇ ದಿನ ಇತ್ತು.

ಮೈಕಿನ ಗುಂಡಿ ಒತ್ತಿದೆ. "ಬರುತ್ತೆ ಕಣಣ್ಣ," ಅಂದೆ. "ಡಾಕ್ಟರು ಹೇಳಿದಾರೆ. ಆರು ತಿಂಗಳು ಹಿಡಿಯುತ್ತೆ, ಮೊದಮೊದಲು ಸಣ್ಣಗೆ ಇರುತ್ತೆ. ನಿನ್ನದೇ ಬರುತ್ತೆ. ಓವರ್."

ಕ್ಲಾಸಲ್ಲಿ ನಿಯಮ ಬರೆಸೋವಾಗ ಮಾತಾಡ್ತೀನಲ್ಲ, ಅದೇ ಧ್ವನಿಯಲ್ಲಿ ಹೇಳಿದೆ. ಆರು ತಿಂಗಳು ಅನ್ನೋದನ್ನ ಎಲ್ಲಿಂದ ತಂದೆನೋ ನನಗೇ ಗೊತ್ತಿಲ್ಲ. ಸುಳ್ಳಿಗೂ ಒಂದು ಅಳತೆ ಇದ್ದರೆ ನಂಬೋಕೆ ಸುಲಭ ಅಂತ ಒಳಗೆಲ್ಲೋ ಗೊತ್ತಿದ್ದಿರಬೇಕು.

"ಸರಿ," ಅಂದ. "ಹಂಗಾದ್ರೆ ಬರ್ತೀನಿ."

ಅಷ್ಟಕ್ಕೆ ನಿಲ್ಲಿಸಲಿಲ್ಲ. ಉಳಿದ ಐದಾರು ನಿಮಿಷವೂ ಮಾತಾಡಿದ. ಕುಸಿದ ಜಾಗವನ್ನ ನಡೆದೇ ದಾಟಬೇಕು, ಆಚೆ ಯಾರಾದರೂ ಪಿಕಪ್ ತಂದು ನಿಲ್ಲಿಸಿರ್ತಾರೆ. ನಾಯಿಗೆ ಅನ್ನ ಹಾಕೋಕೆ ಲೈನುಮನೆಯ ಆಳುಗಳಿಗೆ ಹೇಳಬೇಕು. ನಿಮ್ಮತ್ತಿಗೆ ಎಷ್ಟು ಸೀರೆ ತುಂಬ್ಕೊಳ್ಳಲಿ ಅಂತ ಕೇಳ್ತಾವಳೆ, ಏನು ಹೇಳಲಿ. ನಾನು ಹ್ಞೂಂ ಅಂತ ಕೂಡ ಅನ್ನಲಿಲ್ಲ, ಅನ್ನಬೇಕಂದರೆ ಗುಂಡಿ ಒತ್ತಬೇಕು. ಆಮೇಲೆ ಎರಡನೇ ಅಲೆ ಬಂತು. ಧ್ವನಿ ಒಂದು ಸಲ ಉಬ್ಬಿ ಮುಳುಗಿತು, ಮತ್ತೆ ಎದ್ದಿತು. ಭಾನುವಾರ ಆಲೂರಲ್ಲಿ ಸಿಗೋಣ ಅಂತ ಹೇಳಿ ಇಬ್ಬರೂ ಮುಗಿಸಿದೆವು. ನನ್ನ ಪುಸ್ತಕದಲ್ಲಿ ಹೊತ್ತು ಬರೆದೆ, ಐದು ಒಂಬತ್ತು ಅಂತ ಬರೆದೆ. ಸ್ನಾನ ಮಾಡಿ ಕಾಲೇಜಿಗೆ ಹೋದೆ.

ಆ ಸುಳ್ಳಿನ ಬಗ್ಗೆ ಅಣ್ಣ ಇವತ್ತಿನವರೆಗೆ ಸ್ಲೇಟಿನ ಮೇಲೆ ಒಂದಕ್ಷರ ಬರೆದಿಲ್ಲ. ಬರೆದು ಬೈದಿದ್ದರೆ ಚೆನ್ನಾಗಿತ್ತು. ಮಿಷನ್ ತಂದುಕೊಟ್ಟೆ, ಒಂದು ದಿನ ಹಿಡಿದು ನೋಡಿ ಪೆಟ್ಟಿಗೆಗೆ ಹಾಕಿಟ್ಟ. ಆರು ತಿಂಗಳಾಯಿತು, ವರ್ಷವಾಯಿತು, ಧ್ವನಿ ಎಲ್ಲಿ ಅಂತ ಅವನು ಕೇಳಲಿಲ್ಲ. ನಾನು ಹೋದಾಗಲೆಲ್ಲ ಅವನು ಸ್ಲೇಟು ಕೈಗೆತ್ತಿಕೊಂಡರೆ ಇವತ್ತು ಅದೇ ಅಂದ್ಕೋತೀನಿ, ಬರೆಯೋದು ಊಟ ಮಾಡು ಅಂತಲೋ, ಮಳೆ ಬರೋದ್ರೊಳಗೆ ಹೊರಡು ಅಂತಲೋ. ಅತ್ತಿಗೆ ಬಂದವರ ಮುಂದೆಲ್ಲ ಹೇಳ್ತಾರೆ, ನಮ್ಮನೆಯೋರು ಉಳಿದಿದ್ದು ಇವಳಿಂದ, ಯಾರು ಹೇಳಿದ್ರೂ ಒಪ್ಪದೋರು ಇವಳ ಒಂದು ಮಾತಿಗೆ ಎದ್ದು ಬಂದ್ರು ಅಂತ. ಆಗ ನಾನು ಒಳಗೆ ಹೋಗಿಬಿಡ್ತೀನಿ.

ಆ ಭಾನುವಾರ ಅವರಿಬ್ಬರೂ ಮೊಣಕಾಲು ಮಟ್ಟದ ಕೆಸರು ದಾಟಿ, ಪಿಕಪ್ಪು ಹಿಡಿದು ಸಕಲೇಶಪುರಕ್ಕೆ ಬಂದು, ಆಲೂರಿನಲ್ಲಿ ನನ್ನನ್ನ ಹತ್ತಿಸ್ಕೊಂಡರು. ಹಾಸನದಲ್ಲಿ ಬಸ್ಸು ಬದಲಾಯಿಸಿದ್ವಿ. ಮೈಸೂರಿನವರೆಗೂ ಅಣ್ಣ ಮಾತಾಡ್ತಾನೇ ಇದ್ದ. ಆ ಒಡಕು ಗಂಟಲಲ್ಲೇ ಕಂಡಕ್ಟರ ಜೊತೆ, ಹಿಂದಿನ ಸೀಟಿನವರ ಜೊತೆ, ಕಡಲೆಕಾಯಿ ಮಾರೋಳ ಜೊತೆ. ಅತ್ತಿಗೆ, ಸ್ವಲ್ಪ ಗಂಟಲಿಗೆ ರೆಸ್ಟ್ ಕೊಡಿ ಅಂದರು. ನಾಡಿದ್ದಿಂದ ಕೊಡ್ತೀನಲ್ಲ ಅಂದ. ನಾನು ಕಿಟಕಿ ಪಕ್ಕ ಕೂತು ಎಲ್ಲವನ್ನೂ ಕೇಳಿಸ್ಕೊಂಡೆ. ಎದುರುಬದುರು ಅಷ್ಟು ಹೊತ್ತು ಅವನು ಮಾತಾಡಿದ್ದನ್ನ ನಾನು ಕೇಳಿದ್ದು ಅದೇ ಮೊದಲು.

ಸೋಮವಾರ ವಾರ್ಡಿಗೆ ಸೇರಿಸ್ಕೊಂಡರು. ಆಪರೇಷನ್ ಮಾರನೇ ದಿನ. ಬೆಳಿಗ್ಗೆಯಿಂದ ನನಗಿದ್ದದ್ದು ಒಂದೇ ಭಯ. ಡಾಕ್ಟರು ಬರ್ತಾರೆ, ಅವರು ಹೇಳೇ ಹೇಳ್ತಾರೆ, ಕೇಳಿದವನೇ ಅಣ್ಣ ಚಪ್ಪಲಿ ಹಾಕ್ಕೊಂಡು ಎದ್ದು ಹೋಗ್ತಾನೆ. ಮೊದಲೇ ಡಾಕ್ಟರನ್ನ ಹಿಡಿದು ಕಾಲಿಗೆ ಬಿದ್ದಾದರೂ ಸ್ವಲ್ಪ ಮೃದುವಾಗಿ ಹೇಳಿ ಅಂತ ಕೇಳ್ಕೊಳ್ಳೋಣ ಅಂದರೆ ಅವರು ಸಿಗಲಿಲ್ಲ. ಎರಡು ಮಹಡಿ ಹತ್ತಿ ಇಳಿದೆ, ಹತ್ತಿ ಇಳಿದೆ. ಕಾಲು ಸೋತು ವಾರ್ಡಿಗೆ ವಾಪಸ್ ಬರೋ ಹೊತ್ತಿಗೆ ಡಾಕ್ಟರು ಅಣ್ಣನ ಹಾಸಿಗೆ ಪಕ್ಕದಲ್ಲೇ ನಿಂತಿದ್ದರು. ಅತ್ತಿಗೆ ಬಿಸಿನೀರು ತರೋಕೆ ಹೋಗಿದ್ದರು.

ಡಾಕ್ಟರ ಕೈಯಲ್ಲಿ ಒಪ್ಪಿಗೆ ಪತ್ರ ಇತ್ತು, ಮೂರು ನಾಲ್ಕು ಹಾಳೆ, ಕನ್ನಡದಲ್ಲೇ ಅಚ್ಚು ಮಾಡಿದ್ದು. "ಏನು ತೆಗೀತೀವಿ, ಆಮೇಲೆ ಏನೇನು ಆಗುತ್ತೆ, ಏನು ಆಗಲ್ಲ, ಎಲ್ಲ ಇದರಲ್ಲಿದೆ," ಅಂದರು. "ಆದರೂ ನಾನೇ ಒಂದು ಸಲ ಬಾಯಲ್ಲಿ ಹೇಳ್ತೀನಿ."

ಅಣ್ಣ ಕೈ ಎತ್ತಿ ತಡೆದ. "ಬ್ಯಾಡಿ ಸಾರ್," ಅಂದ. "ನನ್ನ ತಂಗಿ ಎಲ್ಲಾ ಹೇಳವ್ಳೆ."

ಹಾಳೆ ಇಸ್ಕೊಂಡು, ಒಂದು ಸಾಲೂ ಓದದೆ, ಕೊನೇ ಪುಟ ತಿರುವಿ ಸಹಿ ಹಾಕೋ ಜಾಗ ಎಲ್ಲಿ ಅಂತ ಬೆರಳಿಟ್ಟು ಹುಡುಕಿದ. ಡಾಕ್ಟರು ನನ್ನ ಕಡೆ ತಿರುಗಿದರು.

"ಹೌದಾಮ್ಮ, ಎಲ್ಲ ಹೇಳಿದೀರಾ?"

"ಹೇಳಿದೀನಿ ಸಾರ್," ಅಂದೆ.

ಅಣ್ಣ ನನ್ನ ಮುಖ ನೋಡಲಿಲ್ಲ. ಡಾಕ್ಟರ ಜೇಬಿಂದ ಪೆನ್ನು ಇಸ್ಕೊಂಡು ಸಹಿ ಹಾಕಿದ.